ಕಾವೇರಿ ಫೋಲ್ಡರ್ ತೆರೆಯುತ್ತಿಲ್ಲ

ಅಕ್ಟೋಬರ್ 6, ಸೋಮವಾರ. ಬೆಳಿಗ್ಗೆ 7.20

ಮತ್ತೆ ಮುಚ್ಚಿಕೊಂಡಿತು. ನಾಲ್ಕನೇ ಸಲ. ‘ಕಾವೇರಿ’ ಫೋಲ್ಡರ್ ಒತ್ತಿದರೆ ಹಸಿರು ಗೆರೆ ಅರ್ಧದವರೆಗೆ ಓಡುತ್ತದೆ, ಆಮೇಲೆ ಫೈಲ್ ಮ್ಯಾನೇಜರೇ ಮಾಯ. ಬೇರೆ ಫೋಲ್ಡರುಗಳೆಲ್ಲ ಸರಿ. ನನ್ನ ಹಳೆಯ ಗಣಿತದ ಪ್ರಶ್ನೆಪತ್ರಿಕೆಗಳು, ಯಾರಿಗೂ ಬೇಡದವು, ಥಟ್ಟನೆ ತೆರೆಯುತ್ತವೆ.

ಬೇಕಾದದ್ದು ಇದೊಂದೇ. ಹನ್ನೊಂದು ವರ್ಷ ನನ್ನ ಹೆಂಡತಿ ಕಾವೇರಿ ಈ ಮನೆಯಲ್ಲಿ ಸಂಗೀತ ಪಾಠ ಹೇಳಿದ್ದನ್ನೆಲ್ಲ ಕಂಪ್ಯೂಟರಿನ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದೇನೆ. ಜುಲೈನಲ್ಲಿ ಗಂಟಲಿನ ಗಂಟು ತೆಗೆಸಿದ ಮೇಲೆ ಅವಳಿಗೆ ಧ್ವನಿ ಇಲ್ಲ. ಗಾಯ ಮಾಯ್ದಿದೆ, ಅಭ್ಯಾಸ ಮಾಡಿದರೆ ಬರುತ್ತದೆ ಎನ್ನುತ್ತಾರೆ ಡಾಕ್ಟರು. ಅವಳು ಅಭ್ಯಾಸವನ್ನೇ ಬಿಟ್ಟು ಕೂತಿದ್ದಾಳೆ. ಧ್ವನಿಯ ಅಭ್ಯಾಸ ಹೇಳಿಕೊಡುವ ಹಾಸನದ ಥೆರಪಿಸ್ಟ್ ಹೇಳಿದ್ದು — “ಅವರ ಹಳೇ ಧ್ವನಿ ಕೇಳಿಸಿ ಸಾರ್. ಎಲ್ಲಿಗೆ ತಲುಪಬೇಕು ಅಂತ ಅವರಿಗೇ ಗೊತ್ತಾಗ್ಲಿ.” ಹದಿನಾಲ್ಕಕ್ಕೆ ಮತ್ತೆ ಹೋಗಬೇಕು.

ಆಪರೇಷನ್ ಆದಾಗಿನಿಂದ ನಾನು ಆ ಫೋಲ್ಡರ್ ಮುಟ್ಟಿರಲಿಲ್ಲ. ಧೈರ್ಯ ಬಂದಿರಲಿಲ್ಲ.

ಅಕ್ಟೋಬರ್ 7, ಮಂಗಳವಾರ

ರೀಸ್ಟಾರ್ಟ್. ಆಂಟಿವೈರಸ್. ಅಪ್‌ಡೇಟ್ — ಎರಡು ಗಂಟೆ. ಏನೂ ಉಪಯೋಗವಿಲ್ಲ. ನಾನು ಗೊಣಗುವುದನ್ನು ಕೇಳಿ ಕಾವೇರಿ ಸ್ಲೇಟಿನಲ್ಲಿ ಬರೆದು ತೋರಿಸಿದಳು — “ಆಯುಧಪೂಜೆಗೆ ಅದಕ್ಕೆ ಹೂವು ಕಮ್ಮಿ ಇಟ್ರಿ.” ಸದ್ದಿಲ್ಲದೆ ನಕ್ಕಳು. ನಗುವಾದರೂ ಇದೆಯಲ್ಲ.

ಅಕ್ಟೋಬರ್ 9, ಗುರುವಾರ. ಸಂಜೆ

ಅಂಗಡಿಬೀದಿಯ ಕಂಪ್ಯೂಟರ್ ರಿಪೇರಿ ಕುಮಾರ್ ಬಂದಿದ್ದ. ಎರಡು ನಿಮಿಷ ನೋಡಿದ.

“ಸಾ, ಫಾರ್ಮ್ಯಾಟ್ ಒಡ್ದ್‌ಬುಡಣ. ಒಸದರಂಗೆ ಓಡ್ತದೆ ಕಣಿ ಸಾ.”

“ಒಳಗಿರೋದು?”

“ಅದು ಓಯ್ತದೆ. ಏನ್ಮಾಡಕಾಯ್ತದೆ?”

ಕಾಫಿ ಕೊಟ್ಟು ಕಳಿಸಿದೆ. ಬೈಯಬಾರದೆಂದು ಬಹಳ ಕಷ್ಟಪಟ್ಟೆ.

ಅಕ್ಟೋಬರ್ 11, ಶನಿವಾರ

ಧನ್ಯಾಳಿಗೆ ಫೋನ್ ಮಾಡಿದೆ. ಶಾಂತಿಗ್ರಾಮದ ಹುಡುಗಿ. ನನ್ನ ಹತ್ತಿರ ಗಣಿತ, ಕಾವೇರಿಯ ಹತ್ತಿರ ಸಂಗೀತ ಕಲಿತವಳು. ಈಗ ಚನ್ನರಾಯಪಟ್ಟಣದಲ್ಲಿ ಕಂಪ್ಯೂಟರ್ ಲೆಕ್ಚರರ್. ಪೂರ್ತಿ ಕೇಳಿ ಹೇಳಿದಳು —

“ಸಾ, ಫೋಲ್ಡರ್ ತೆಗೆದ್ರೆ ಅದು ಒಂದೊಂದು ವಿಡಿಯೋಗೂ ಒಂದು ಪುಟಾಣಿ ಚಿತ್ರ ಮಾಡಕ್ಕೋಯ್ತದೆ. ಯಾವ್ದೋ ಒಂದು ಕೆಟ್ಟೋಗಿರ್ಬೇಕು. ಅದ್ರತ್ರ ಎಡವಿ ಬಿದ್ದೋಯ್ತದೆ. ಮಿಕ್ಕಿದ್ದೆಲ್ಲ ಚೆನ್ನಾಗೇ ಇರ್ತವೆ, ಎದ್ರಬೇಡಿ.”

ಪರದೆಯ ಮೇಲೆ ತೆರೆಯುವ ಕಪ್ಪು ಕಿಟಕಿಯಲ್ಲಿ ಆಜ್ಞೆ ಟೈಪಿಸಿ ಫೈಲುಗಳನ್ನು ಬೇರೆಡೆ ಸಾಗಿಸುವುದು ಹೇಗೆಂದು ಬರೆಸಿದಳು. ಒಟ್ಟು 412 ಫೈಲು. ಒಂದೊಂದಾಗಿ ಪರೀಕ್ಷಿಸಬೇಕೇ ಎಂದೆ. “ಗಣಿತದ ಮೇಷ್ಟ್ರು ನೀವು, ನನ್ನ ಕೇಳ್ತೀರಾ ಸಾ?” ಎಂದಳು. ನಾಚಿಕೆಯಾಯಿತು, ಖುಷಿಯೂ ಆಯಿತು.

ಅಕ್ಟೋಬರ್ 12, ಭಾನುವಾರ. ಮಧ್ಯಾಹ್ನ

ಅರ್ಧ, ಅರ್ಧದಲ್ಲಿ ಅರ್ಧ. 206 ಬೇರೆ ಇಟ್ಟೆ, ತೆರೆಯಿತು. ಉಳಿದ 206 — ಬಿತ್ತು. ಬಿದ್ದದ್ದನ್ನೇ ಮತ್ತೆ ಒಡೆದೆ. 103, 52, 26, 13, 7, 4, 2... ಒಂಬತ್ತನೇ ಸಲಕ್ಕೆ ಒಂದೇ ಉಳಿಯಿತು. ಕಳ್ಳ ಸಿಕ್ಕಿದ.

ಹೆಸರು ನೋಡಿ ಕೈ ನಿಂತಿತು. ಜೂನ್ 28. ಅವಳ ಕೊನೆಯ ಪಾಠ. ನಡುವೆ ಕರೆಂಟ್ ಹೋಗಿ ರೆಕಾರ್ಡಿಂಗ್ ತುಂಡಾಗಿತ್ತು. ನಮ್ಮ ಮನೆಯಲ್ಲಿ ಮಂಗಳ ಹಾಡದೆ ಪಾಠ ಮುಗಿಸುವುದಿಲ್ಲ. ಮಂಗಳವಿಲ್ಲದ್ದನ್ನು ಅಳಿಸಿದರೆ ಅಪಶಕುನ ಎಂದು ಹಾಗೇ ಬಿಟ್ಟಿದ್ದೆ. ಮೂವತ್ತನಾಲ್ಕು ವರ್ಷ ಗಣಿತ ಹೇಳಿದವನು! ಆಮೇಲೆ ಆಪರೇಷನ್ನು. ಆಮೇಲಂತೂ ಅಳಿಸುವ ಮಾತೇ ಇಲ್ಲ.

ಅದೇ ದಿನ, 4.30

ಧನ್ಯಾ ಹೇಳಿದ ದಾರಿಯಲ್ಲೆಲ್ಲ ಪ್ರಯತ್ನಿಸಿದೆ. ಆ ಫೈಲಿನಿಂದ ಒಂದು ಸ್ವರವೂ ಹೊರಡಲಿಲ್ಲ. ಬೇರೆ ಕಡೆ ಇಟ್ಟುಬಿಡೋಣ, ಇರಲಿ ಎಂದುಕೊಂಡೆ. ಕಾವೇರಿ ಹಿಂದೆ ನಿಂತಿದ್ದು ಗೊತ್ತಾಗಲಿಲ್ಲ. ವಿಷಯ ಹೇಳಿದೆ. ಸ್ಲೇಟು ತೆಗೆದುಕೊಂಡು ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬರೆದಳು —

“ಅರ್ಧಕ್ಕೆ ನಿಂತದ್ದನ್ನ ಇಟ್ಕೊಂಡು ಪೂಜೆ ಮಾಡ್ತೀರಾ? ಅಳಿಸ್ರೀ. ನಾನಿನ್ನೂ ಇದೀನಿ.”

ಶಾಶ್ವತವಾಗಿ ಅಳಿಸಲೇ ಎಂದು ಕೇಳಿತು ಯಂತ್ರ. ನನ್ನ ಬೆರಳು ಹೋಗಲಿಲ್ಲ. ಅವಳೇ ಎಂಟರ್ ಒತ್ತಿದಳು.

ಮಿಕ್ಕ 411ನ್ನೂ ಸೇರಿಸಿದೆ. ಫೋಲ್ಡರ್ ತೆರೆಯಿತು. ಸಾಲು ಸಾಲು ಕಾವೇರಿ, ಬೇರೆ ಬೇರೆ ಸೀರೆಯಲ್ಲಿ. ಒಂದನ್ನು ಒತ್ತಿದೆ. ಯಾರಿಗೋ ತಾಳ ತಪ್ಪಿದ್ದಕ್ಕೆ ಬೈಯುತ್ತಿದ್ದಾಳೆ. ಆಮೇಲೆ ವಿಡಿಯೋದಲ್ಲಿ ಹಾಡಿದಳು. ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೇಳುತ್ತ ಕೂತವಳ ಕೆನ್ನೆಯೆಲ್ಲ ಒದ್ದೆ. ನಾನೂ ಅತ್ತೆ.

ಅಕ್ಟೋಬರ್ 14, ಮಂಗಳವಾರ

ಹಾಸನಕ್ಕೆ ಹೋಗಿಬಂದೆವು. ಪೆನ್‌ಡ್ರೈವ್ ಕೊಟ್ಟೆ. ಥೆರಪಿಸ್ಟ್ ತುಟಿ ಮುಚ್ಚಿ ಗುಂಯ್‌ಗುಡುವ ಅಭ್ಯಾಸ ಕೊಟ್ಟಿದ್ದಾರೆ. ಹೊಳೆನರಸೀಪುರ ಬರುವವರೆಗೂ ಬಸ್ಸಿನಲ್ಲಿ ಕಾವೇರಿಯದು ಅದೇ ಕೆಲಸ. ಬರೀ ಗಾಳಿ. ಪಕ್ಕದವರು ತಿರುಗಿ ತಿರುಗಿ ನೋಡಿದರು. ನೋಡಲಿ.

ನವೆಂಬರ್ 9, ಭಾನುವಾರ. ಸಂಜೆ 5.10

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ದಿನಾ ಅಭ್ಯಾಸ, ದಿನಾ ಗಾಳಿ.

ಇವತ್ತು ಧನ್ಯಾ ಬಂದಿದ್ದಾಳೆ. ತಂಬೂರಿ ಆ್ಯಪ್ ಹಾಕಿಕೊಂಡು ನಡುಮನೆಯಲ್ಲಿ ಸಹಾನ ರಾಗ ಹಾಡುತ್ತಿದ್ದಳು. ಗಾಂಧಾರ ಸ್ವರ ಒಂದಿಷ್ಟು ಮೇಲೆ ಹೋಯಿತು. ನನಗೇ ತಿಳಿಯಿತು ಎಂದಮೇಲೆ...

ಒಳಗಿನಿಂದ — “ಅದಲ್ಲ ಕಣೇ!”

ಧನ್ಯಾ ನನ್ನ ಮುಖ ನೋಡಿದಳು. ನಾನು ಅವಳ ಮುಖ. ಕಾವೇರಿ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕೂತಳು, ಏನೂ ಆಗದವಳ ಹಾಗೆ. ಈಗ ಹೇಳಿಕೊಡುತ್ತಿದ್ದಾಳೆ. ಪಕ್ಕದ ಕೋಣೆಯಲ್ಲಿ ಕೇಳಿಸಿಕೊಳ್ಳುತ್ತ ಬರೆಯುತ್ತಿದ್ದೇನೆ. ಧ್ವನಿ ಸೀಳಿದೆ. ಶ್ರುತಿ ಮಾತ್ರ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಧನ್ಯಾ ಅಳುತ್ತಿದ್ದಾಳೆ, ಅದಕ್ಕೂ ಬೈಗುಳ ಬಿತ್ತು. ಮತ್ತೆ ಗಾಂಧಾರ. ಈ ಸಲ ಕಾವೇರಿಯೇ ಉದ್ದಕ್ಕೆ ಹಿಡಿದಿದ್ದಾಳೆ, ಇನ್ನೂ ಬಿಟ್ಟಿಲ್ಲ, ಇನ್ನೂ —