ಏಳು ಭಾನುವಾರಗಳ ಅಳತೆ

ಅತ್ತೆಯವರಿಗೆ ನಮಸ್ಕಾರ.

“ಆ ಸ್ಕ್ಯಾನಿಂಗ್ ಮಿಷಿನ್ ಕೆಲಸ ಬಿಡು ಅಂದ್ರೆ ಕೇಳಲಿಲ್ಲ, ಅದೇ ಹೊಟ್ಟೇಲಿದ್ದ ಮಗೂನ ತಿಂದ್ಹಾಕ್ತು” ಎಂದು ನೀವು ನೆಂಟರ ಮುಂದೆ ಹೇಳಿದಿರಂತೆ. ಆ ಯಂತ್ರ ಮೈಯೊಳಗೆ ಕಳಿಸುವ, ಕಿವಿಗೆ ಕೇಳದ ಸದ್ದನ್ನು ಅಳೆಯುವುದೇ ನನ್ನ ಕೆಲಸವಾದ್ದರಿಂದ ಲೆಕ್ಕ ಹಾಕಿ ನೋಡಿದೆ.

ಸದ್ದನ್ನು ಮೈಯೊಳಗೇ ಹೋಗಿ ಅಳೆಯಲು ಬರುವುದಿಲ್ಲ. ನೀರಿನ ತೊಟ್ಟಿಯಲ್ಲಿ ಅಳೆದು, ಚರ್ಮ, ಕೊಬ್ಬು, ಮಾಂಸ ಹೀರಿಕೊಳ್ಳುವಷ್ಟನ್ನು ಕಳೆದು, ಉಳಿದದ್ದು ಮಗುವಿಗೆ ತಲುಪಿರಬಹುದು ಎಂದು ಅಂದಾಜು ಮಾಡುತ್ತೇವೆ. ಕೆಲಸದ ಹೊತ್ತಿನಲ್ಲಿ ಆ ಸದ್ದು ಹೋಗುವುದು ತೊಟ್ಟಿಯ ನೀರಿಗೆ, ನನ್ನ ಹೊಟ್ಟೆಗಲ್ಲ.

ಅದು ನನ್ನ ಹೊಟ್ಟೆಗೆ ಹೋದದ್ದು ಏಳು ಭಾನುವಾರ ಮಾತ್ರ. “ಬೀಗದ ಕೈ ನಿನ್ನ ಹತ್ರಾನೇ ಇದೆಯಲ್ಲ, ಇನ್ನೊಂದ್ಸಲ ತೋರಿಸಮ್ಮ” ಎಂದು ನೀವು ನನ್ನನ್ನು ನಮ್ಮ ಪ್ರಯೋಗಾಲಯಕ್ಕೆ ಹೊರಡಿಸಿದ ಭಾನುವಾರಗಳು. ನಾನೇ ಮಲಗಿ, ಯಂತ್ರದ ಹಿಡಿಯನ್ನು ಹೊಟ್ಟೆಯ ಮೇಲೆ ನಾನೇ ಹಿಡಿದು ತೋರಿಸಿದೆ. ಎದೆಬಡಿತ ಕಂಡಾಗ ನೀವು ನನ್ನ ಪಾದ ಸವರುತ್ತಿದ್ದಿರಿ. ಒಟ್ಟು ನಲವತ್ತೆರಡು ನಿಮಿಷ. ನನ್ನದು ತೆಳು ಮೈಯೆಂದು ಕಡಿಮೆಯೇ ಕಳೆದೆ; ಆದರೂ ಲೆಕ್ಕ ಸುರಕ್ಷತೆಯ ಮಿತಿಯೊಳಗೇ ಬಂತು. ಮಗುವನ್ನು ಕೊಂದದ್ದು ಆ ಸದ್ದು ಎನ್ನಲು ಲೆಕ್ಕದ ಹಾಳೆಯಲ್ಲಿ ಆಧಾರವಿಲ್ಲ.

ಭಾನುವಾರಗಳ ವಿಷಯ ನೆಂಟರಿಗೆ ನೀವು ಹೇಳಲಿಲ್ಲ, ನಾನೂ ಹೇಳಿಲ್ಲ. ಮೇಕೆಯ ಬಾಯಿಗೆ ಮೊಸರು ಒರೆಸಿ ನನಗೆ ಅಭ್ಯಾಸವಿಲ್ಲ.

ಆ ಭಾನುವಾರಗಳಂದು ನಾನು ತೆಗೆದುಕೊಟ್ಟ, ನಿಮ್ಮ ಬೀರುವಿನಲ್ಲಿರುವ ಮಗುವಿನ ಏಳು ಚಿತ್ರಗಳನ್ನು ಕಳಿಸಿಕೊಡಿ. ಲೆಕ್ಕದ ಹಾಳೆ ಇದರ ಜೊತೆಗಿದೆ. ನಮ್ಮಲ್ಲಿ ಅಂಥ ಹಾಳೆಗೆ ಇಬ್ಬರ ಸಹಿ ಬೇಕು: ಅಳೆದವರದು, ಪಕ್ಕದಲ್ಲಿ ನಿಂತು ನೋಡಿದವರದು. ನನ್ನದು ಹಾಕಿದ್ದೇನೆ. ನಿಮ್ಮದಕ್ಕೆ ಜಾಗ ಬಿಟ್ಟಿದ್ದೇನೆ.

ಇನ್ನೂ ನಿಮ್ಮ ಮನೆಯ
ಸೊಸೆ