ಕಾಲಿಗೆ ಬೆಳಕು

ನಿನ್ನೆಯ ಕಾಗದದಲ್ಲಿ ಹೇಳುತ್ತ ಅರ್ಧಕ್ಕೆ ಬಿಟ್ಟೆನಲ್ಲ, ಆ ಬೆಳಕಿನ ಚಿಕಿತ್ಸೆ, ಇವತ್ತು ಮಾಡಿಸಿಕೊಂಡೆ ಕಣೇ. ಕಾಲೊಳಗೆ ಇರುವೆ ಹರಿಯುತ್ತದೆ, ಮಲಗಲು ಬಿಡುವುದಿಲ್ಲ ಎನ್ನುತ್ತಿದ್ದೆಯಲ್ಲ, ನೀನು ಹೋದಮೇಲೆ ಅದು ನನಗೂ ಬಂದಿದೆ. ರೆಸ್ಟ್‌ಲೆಸ್ ಲೆಗ್ಸ್ ಅಂತ ಹೆಸರಂತೆ.

ಫಿಸಿಯೋಥೆರಪಿ ಹುಡುಗಿ ಕಾಲಿಗೆ ಕೆಂಪು ಬೆಳಕಿನ ಪಟ್ಟಿ ಸುತ್ತಿ, "ಮಾತ್ರೆ ಬೇಡ ತಾತ. ಅರ್ಧ ಗಂಟೆ ಅಲ್ಲಾಡದೆ ಕೂತ್ಕೊಳ್ಳಿ" ಎಂದಳು.

"ಅದು ಆಗೋ ಹಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ತಾಯಿ?"

ನಕ್ಕಳು. "ಇದೇ ಕಾಯಿಲೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ನನ್ನ ಹೆಂಡತಿಗಿತ್ತು."

"ಅವರೇನ್ ಮಾಡ್ತಿದ್ರು?"

"ಮನೆಯೊಳಗೇ ನಡೀತಿದ್ಲು" ಎಂದೆ. 'ಮೈಂಡ್ ಓವರ್ ಮ್ಯಾಟರ್', ಮನಸ್ಸು ಗಟ್ಟಿಯಿದ್ದರೆ ಮೈ ಮಾತು ಕೇಳುತ್ತದೆ ಎಂದು ಕಾಲೇಜಿನ ಇಂಗ್ಲಿಷ್ ಉದುರಿಸಿ ನಾನು ದಿಂಬೆತ್ತಿಕೊಂಡು ನಡುಮನೆಗೆ ಮಲಗಲು ಹೋಗುತ್ತಿದ್ದುದನ್ನು ಹೇಳಲಿಲ್ಲ.

ಕಾಲು ಕೊಂಚ ಹಗುರಾಗಿದೆ. ನಿನ್ನ ಕಾಲನ್ನು ಒಂದು ಸಲವಾದರೂ ಒತ್ತಿದ್ದೆನೇ ಎಂದು ಯೋಚಿಸುತ್ತ ಕೂತೆ. ಹೊತ್ತು ಮುಳುಗಿ ಅಕ್ಷರವೇ ಕಾಣುತ್ತಿಲ್ಲ.