ಸರಾಯಿ ಬೀದಿಯನ್ನು ಕೆಡವಿದ ಮೇಲೆ

ಪಟ್ಟಣ ಸುಧಾರಣೆಯ ಹೊಣೆ ಹೊತ್ತ ಮಾನ್ಯರೇ,

ಸಿರಾ ಪಟ್ಟಣದ ಹಳೆಯ ಸರಾಯಿಯನ್ನೂ ಅದಕ್ಕೆ ಅಂಟಿಕೊಂಡಿದ್ದ ಬಡಗಣ ಸಾಲಿನ ಮನೆಗಳನ್ನೂ ತಾವು ಕೆಡವಿಸಿ ವರ್ಷವಾಗುತ್ತ ಬಂತು. ಅಲ್ಲಿ ರಸ್ತೆ ಆಗಲಿಲ್ಲ, ಬಸ್ಸೂ ಬರಲಿಲ್ಲ. ಆದದ್ದು ಒಂದೇ. ಹುಟ್ಟಿದಾಗಿನಿಂದ ನಮ್ಮ ಬೀದಿಯಲ್ಲಿ ಯಾರ ಹಂಗೂ ಇಲ್ಲದೆ ಓಡಾಡಿಕೊಂಡಿದ್ದ ಒಬ್ಬ ಕುರುಡು ಹೆಂಗಸು ಈಗ ಹೊಸ್ತಿಲು ದಾಟುತ್ತಿಲ್ಲ. ಇದನ್ನು ತಿಳಿಸಲು ತಮ್ಮ ಕಚೇರಿಗೆ ಮೇಲಿಂದ ಮೇಲೆ ಅರ್ಜಿ ಬರೆದೆ. ಉತ್ತರ ಬರಲಿಲ್ಲ. ಆದ್ದರಿಂದ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮ್ಮ ಕಚೇರಿಯಲ್ಲಿ ಅರ್ಜಿ ಓದುವವರು ಇಲ್ಲದಿದ್ದರೂ, ಬೋಂಡಾ ಕಟ್ಟಿಸಿಕೊಂಡು ಬಂದ ಪತ್ರಿಕೆಯ ಚೂರನ್ನಾದರೂ ಯಾರೋ ಒಬ್ಬರು ಬಿಡಿಸಿ ನೋಡಬಹುದು.

ನಾನು ಈ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುವ ಉಪಾಧ್ಯಾಯಿನಿ. ಹುಟ್ಟಿ ಬೆಳೆದದ್ದು ಸರಾಯಿ ಬೀದಿಯಲ್ಲೇ. ಸರಾಯಿ ಎಂದರೆ ದಾರಿಹೋಕರು ತಂಗುವ ಛತ್ರ. ಸಿರಾ ಸುಬೇದಾರರ ಊರಾಗಿದ್ದ ಕಾಲದಲ್ಲಿ ಯಾರೋ ಪುಣ್ಯಾತ್ಮರು ಕಟ್ಟಿಸಿದ್ದಂತೆ. ಕಲ್ಲಿನ ಕಮಾನು, ಮೊಳದಗಲದ ಗಾರೆ ಗೋಡೆ, ನಡುವೆ ಅಂಗಳ, ಅಂಗಳದ ಸುತ್ತ ಗವಿಯ ಹಾಗೆ ತಣ್ಣಗಿನ ಕೋಣೆಗಳು. ಸಂತೆಗೆ ಬಂದ ಪಾವಗಡದ ಕಡೆಯವರು ಕಡಲೆಕಾಯಿ ಮೂಟೆಗೆ ತಲೆ ಕೊಟ್ಟು ಅಲ್ಲೇ ಮಲಗುತ್ತಿದ್ದರು. ಬೀದಿಗೆ ಮುಖ ಮಾಡಿದ್ದ ಕೋಣೆಗಳಲ್ಲಿ ಬಳೆಯವರು, ಕಂಬಳಿಯವರು, ಪಾತ್ರೆಗೆ ಕಲಾಯಿ ಹಾಕುವ ಕರೀಮ್ ಸಾಬರು ಅಂಗಡಿ ಇಟ್ಟುಕೊಂಡಿದ್ದರು. ಸರಾಯಿಯ ಗೋಡೆ ಮುಗಿಯುವಲ್ಲಿ ಮನೆಗಳ ಸಾಲು ಶುರುವಾಗಿ, ಗೋಡೆಗೆ ಗೋಡೆ ತಾಗಿಕೊಂಡು ಸಿಹಿನೀರಿನ ಬಾವಿಯವರೆಗೆ ಹೋಗುತ್ತಿತ್ತು.

ತಮ್ಮ ನೋಟೀಸು ಬಂದು ಅಂಟಿದ್ದು ಆ ಕಮಾನಿನ ಕಲ್ಲಿಗೆ. ಅದರಲ್ಲಿ ನಮ್ಮ ಬೀದಿಯ ಹೆಸರು ‘ಸಾರಾಯಿ ಬೀದಿ’ ಎಂದಿತ್ತು. ಒಂದು ದೀರ್ಘ ಹೆಚ್ಚಾದದ್ದಕ್ಕೆ, ಐದು ಹೊತ್ತು ನಮಾಜು ಮಾಡುವ ನಮ್ಮ ಹಿರಿಯರೆಲ್ಲ ಹೆಂಡದಂಗಡಿಯ ಸಾಲಿನವರಾಗಿಬಿಟ್ಟರು. ನನ್ನ ಎರಡನೇ ತರಗತಿಯ ಹುಡುಗಿಯರು ಹಾಗೆ ಬರೆದರೆ ತಿದ್ದಿಸಿ ಬರೆಸುತ್ತೇನೆ. ತಮ್ಮನ್ನು ತಿದ್ದುವವರು ಯಾರು? ಕಟ್ಟಡ ಶಿಥಿಲವಾಗಿದೆ, ಯಾವ ಗಳಿಗೆಯಲ್ಲಾದರೂ ಬೀಳಬಹುದು, ಸಾರ್ವಜನಿಕರ ಪ್ರಾಣಕ್ಕೆ ಅಪಾಯ, ಅದೂ ಅಲ್ಲದೆ ಹೊಸ ಬಸ್ ನಿಲ್ದಾಣಕ್ಕೆ ನೇರ ರಸ್ತೆ ಬೇಕು ಎಂದು ಬರೆದಿತ್ತು.

ಈಗ ಆ ಹೆಂಗಸಿನ ವಿಷಯ. ಅವಳ ಹೆಸರು ಖಾಜಾಬಿ. ಕಲಾಯಿ ಕರೀಮ್ ಸಾಬರ ಅಕ್ಕ. ನಾವೆಲ್ಲ ಖಾಲಾ ಎನ್ನುತ್ತೇವೆ, ಚಿಕ್ಕಮ್ಮ ಎಂದ ಹಾಗೆ. ಎಳವೆಯಲ್ಲಿ ಸಿಡುಬು ಬಂದು ಎರಡು ಕಣ್ಣೂ ಹೋದವು. ಮದುವೆಯಾಗಲಿಲ್ಲ. ಆದರೆ ಈ ಬೀದಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ, ಸಾಬರದಾಗಲಿ ಒಕ್ಕಲಿಗರದಾಗಲಿ, ಎಣ್ಣೆ ತಿಕ್ಕಿ ನೀರು ಹಾಕಿದವಳು ಅವಳು. ನನಗೂ ಹಾಕಿದ್ದಾಳೆ. ಅವಳ ಕಾಲ ಮೇಲೆ ಬಿದ್ದ ಕೂಸು ಅಳು ನಿಲ್ಲಿಸುತ್ತಿತ್ತು. ಕೂಸಿನ ಮೈ ಮುಟ್ಟಿಯೇ, ‘ಇದಕ್ಕೆ ಹಾಲು ಸಾಲ್ತಿಲ್ಲ’ ಎಂದು ತಾಯಿಯನ್ನು ಬೈಯುತ್ತಿದ್ದಳು.

ಒಬ್ಬಳೇ ಓಡಾಡುತ್ತಿದ್ದಳು. ಎಡಗೈ ಗೋಡೆಯ ಮೇಲೆ, ಬಲಗೈಯಲ್ಲಿ ಎಣ್ಣೆ ಬಟ್ಟಲು. ಸರಾಯಿಯ ಕಲ್ಲು, ಆಮೇಲೆ ಕಮಾನಿನ ಸಂದು, ಆಮೇಲೆ ಬಳೆಯವರ ಮರದ ಕಂಬ, ಆಮೇಲೆ ಮನೆಗಳ ಸಾಲು, ಸಾಲಿನ ಕೊನೆಗೆ ಸಗಣಿ ಸಾರಿಸಿದ ಮಣ್ಣುಗೋಡೆ, ಅದೇ ಪಾಪಕ್ಕನ ಮನೆ. ಯಾರಾದರೂ ಕೈ ಹಿಡಿಯಲು ಹೋದರೆ ಕೊಸರಿಕೊಳ್ಳುತ್ತಿದ್ದಳು. ‘ಬುಡಮ್ಮ, ನಾನೇನು ಕುರುಡಿಯಾ?’ ಎಂದು ಕೇಳಿ ತಾನೇ ನಗುತ್ತಿದ್ದಳು.

ನೋಟೀಸು ಬಂದ ಮೇಲೆ ಅವಳನ್ನು ಕರೆದುಕೊಂಡು ಮಧುಗಿರಿಗೆ ಬಂದೆ. ತಮಗೆ ನೆನಪಿರಬಹುದು. ಬೆಟ್ಟದ ಬುಡದ ಆ ಮಹಡಿ ಕಚೇರಿಯಲ್ಲಿ ತಾವು ಕಿಟಕಿಗೆ ಬೆನ್ನು ಹಾಕಿ ಕೂತಿದ್ದಿರಿ. ಬೆಳಗಿನಿಂದ ಕಾದಿದ್ದೆವು. ಒಳಗೆ ಕರೆದಾಗ ತಾವು ಮೊದಲು ಕೇಳಿದ್ದು, “ಈ ಕಟ್ಟಡ ಕಟ್ಟಿಸಿದ್ದು ಯಾರು?”

“ಗೊತ್ತಿಲ್ಲ ಸ್ವಾಮಿ,” ಎಂದೆ.

“ಇಸವಿ?”

“ಗೊತ್ತಿಲ್ಲ.”

“ಶಾಸನ ಗೀಸನ ಏನಾದರೂ?”

“ಇಲ್ಲ ಸ್ವಾಮಿ. ಆದರೆ ತುಂಬಾ ಹಳೇದು.”

“ನೋಡಿಯಮ್ಮ, ಕೋಟೆ ಇದೆ, ದೊಡ್ಡ ಮಸೀದಿ ಇದೆ, ಅವನ್ನು ಯಾರೂ ಮುಟ್ಟೋದಿಲ್ಲ. ಅವು ಐತಿಹಾಸಿಕ. ಇದು ಬರೀ ಜನ ಇರೋ ಕಟ್ಟಡ.”

ಬರೀ ಜನ ಇರುವ ಕಟ್ಟಡ! ಈ ಮಾತಿಗೆ ನಾನು ಏನು ಹೇಳಬೇಕಿತ್ತು ಎಂದು ಇಂದಿಗೂ ಯೋಚಿಸುತ್ತೇನೆ. ಅದರಲ್ಲಿ ಜನರ ಬದಲು ಬಾವಲಿ ಇದ್ದಿದ್ದರೆ ಉಳಿಯುತ್ತಿತ್ತೇ? ಯಾರಾದರೂ ಸರದಾರ ಅಲ್ಲಿ ಸತ್ತು ಮಣ್ಣಾಗಿದ್ದರೆ ಸುತ್ತ ತಂತಿ ಬೇಲಿ ಹಾಕಿಸುತ್ತಿದ್ದಿರಲ್ಲವೇ? ತಲೆಮಾರುಗಳಿಂದ ಬದುಕಿದ್ದೇ ನಮ್ಮ ತಪ್ಪಾಯಿತೇ?

ಆಗ ಖಾಲಾ ತಾನೇ ಬಾಯಿ ತೆರೆದಳು. “ಸಾಹೇಬ್ರೇ, ನಂಗೆ ಕಣ್ಣಿಲ್ಲ. ಆ ಗೋಡೆ ಮುಟ್ಕೊಂಡೇ ತಿರುಗಾಡ್ತೀನಿ. ಅದು ಹೋದ್ರೆ ನಾನೆಂಗ್ ಹೋಗ್ಲಿ?”

ತಾವು ಅವಳಿಗೆ ಕುರ್ಚಿ ಹಾಕಿಸಿದಿರಿ. ಕುಡಿಯಲು ನೀರು ತರಿಸಿದಿರಿ. ಅದನ್ನು ನಾನು ಮರೆತಿಲ್ಲ. ಆಮೇಲೆ ಮೆಲ್ಲಗೆ ಹೇಳಿದಿರಿ: “ರಸ್ತೆ ಅಗಲ ಆಗುತ್ತಮ್ಮ. ನಿಮ್ಮಂಥೋರಿಗೇ ಅನುಕೂಲ. ಏನೂ ಅಡ್ಡ ಇರೋದಿಲ್ಲ.”

ಮಾನ್ಯರೇ, ತಾವು ಕೆಟ್ಟವರಾಗಿದ್ದರೆ ನಮಗೆ ಸುಲಭವಾಗಿರುತ್ತಿತ್ತು. ಬೈದು ಹಗುರಾಗುತ್ತಿದ್ದೆವು. ತಾವು ನಿಜವಾಗಿಯೂ ಅವಳಿಗೆ ಒಳ್ಳೆಯದಾಗುತ್ತದೆ ಎಂದೇ ನಂಬಿದ್ದಿರಿ. ವಾಪಸು ಬರುವಾಗ ಬಸ್ಸಿನಲ್ಲಿ ಖಾಲಾ ಕೇಳಿದಳು: “ಸಾಹೇಬರ ದನಿ ಚೆನ್ನಾಗೈತೆ. ಬುಟ್ಬುಡ್ತಾರೆ ಅಲ್ವಾ?” ಹೌದು ಎಂದೆ.

ಕೆಡವುವವರು ಬಂದರು. ಯಾವ ಗಳಿಗೆಯಲ್ಲಾದರೂ ಬೀಳಬಹುದಾಗಿದ್ದ ಆ ಶಿಥಿಲ ಕಟ್ಟಡದ ಮುಂದೆ ಹಾರೆಗಳು ಬಾಗಿದವು. ಗಾರೆ ಕಲ್ಲಿಗಿಂತ ಗಟ್ಟಿ ಎಂದು ಆಳುಗಳು ಕೈ ಚೆಲ್ಲಿದರು. ಕಡೆಗೆ ಕಲ್ಲುಗಣಿಯವರನ್ನು ಕರೆಸಿ ಕುಳಿ ಹೊಡೆದು ಮದ್ದು ತುಂಬಿಸಿದಿರಿ. ಮೊದಲ ಸದ್ದಿಗೆ ಬೀದಿಯ ಪಾರಿವಾಳಗಳೆಲ್ಲ ಎದ್ದವು, ಶಾಲೆಯಲ್ಲಿ ನನ್ನ ಹುಡುಗಿಯರು ಬೆಂಚಿನ ಕೆಳಗೆ ಹೋದರು. ಬೀಳುವ ಕಟ್ಟಡವನ್ನು ಬೀಳಿಸಲು ಸಿಡಿಮದ್ದು ಯಾಕೆ ಬೇಕಾಯಿತು ಎಂದು ನಾನು ಅರ್ಜಿಯಲ್ಲಿ ಕೇಳಿದ್ದೆ. ಅದಕ್ಕೂ ಉತ್ತರವಿಲ್ಲ. ಕಲ್ಲುಗಳನ್ನು ಲಾರಿಗಳು ಹೊತ್ತು ಹೋದವು. ಮನೆ ಕಳೆದುಕೊಂಡವರು ನೆಂಟರ ಊರುಗಳಿಗೆ ಚದುರಿದರು. ಕರೀಮ್ ಸಾಬರು ಕುಲುಮೆಯ ತಿದಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು, ‘ಕಲಾಯ್, ಕಲಾಯ್’ ಎಂದು ಹಳ್ಳಿ ಹಳ್ಳಿ ತಿರುಗಲು ಹೊರಟರು. ಅಷ್ಟೆಲ್ಲ ಆದ ಮೇಲೆ ಬಸ್ ನಿಲ್ದಾಣವನ್ನು ಹೆದ್ದಾರಿಯ ಕಡೆಗೆ ಮಾಡುವುದೆಂದು ತೀರ್ಮಾನವಾಯಿತಂತೆ. ಈಗ ನಮ್ಮ ಬೀದಿಯ ಜಾಗದಲ್ಲಿ ಬಟ್ಟ ಬಯಲು, ಗಾರೆ ಪುಡಿ, ನಡುವೆ ದತ್ತೂರಿ ಗಿಡ. ಬಯಲಿನ ಒಂದು ತುದಿಯಲ್ಲಿ ಖಾಜಾಬಿಯ ಮನೆ ಉಳಿದಿದೆ, ಇನ್ನೊಂದು ತುದಿಯಲ್ಲಿ ಪಾಪಕ್ಕನ ಮನೆ.

ಪಾಪಕ್ಕನ ದೊಡ್ಡ ಮಗಳಿಗೆ ಹೆರಿಗೆಯಾಯಿತು. ಸುದ್ದಿ ಕೇಳಿ ಖಾಲಾ ಎಂದಿನಂತೆ ಎಣ್ಣೆ ಬಿಸಿ ಮಾಡಿಕೊಂಡು ಹೊರಟಳು. ಗೋಡೆ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಎಷ್ಟು ವರ್ಷ ನಡೆದ ದಾರಿ, ಕಾಲಿಗೇ ಗೊತ್ತು ಅಂದುಕೊಂಡಳಂತೆ. ನಾನು ಶಾಲೆ ಬಿಟ್ಟು ಬರುವಾಗ ನೋಡುತ್ತೇನೆ, ಉರಿಬಿಸಿಲಿನಲ್ಲಿ ಬಯಲಿನ ನಟ್ಟನಡುವೆ ನಿಂತಿದ್ದಾಳೆ. ಎಡಗೈ ಗಾಳಿಯಲ್ಲಿ ಚಾಚಿದೆ. ಒಂದು ಕಡೆ ಎರಡು ಹೆಜ್ಜೆ ಇಡುತ್ತಾಳೆ, ನಿಲ್ಲುತ್ತಾಳೆ, ಇನ್ನೊಂದು ಕಡೆಗೆ ತಿರುಗುತ್ತಾಳೆ. ಸೆರಗಿನ ಮೇಲೆಲ್ಲ ಎಣ್ಣೆ ಚೆಲ್ಲಿತ್ತು. ಮೊಣಕಾಲು ತರಚಿತ್ತು.

“ಖಾಲಾ!” ಎಂದು ಓಡಿದೆ.

“ಯಾರು, ಫಕ್ರುನಾ? ಬೇಟಿ, ಪಾಪಕ್ಕನ ಮನೆ ಎತ್ಲಾಗೈತೆ? ಎತ್ಲಾಗೋದ್ರೂ ಕೈಗೆ ಏನೂ ಸಿಗಾಕಿಲ್ಲ.”

“ಯಾರನ್ನಾದರೂ ಕೇಳಬಾರದಿತ್ತಾ?”

“ಕೇಳ್ದೆ. ಯಾರೋ ನೆಟ್ಟಗೆ ಹೋಗಮ್ಮ ಅಂದ್ರು. ನೆಟ್ಟಗೆ ಅಂದ್ರೆ ಯಾವ್ದು?”

ನನ್ನ ಕೈ ಹಿಡಿದಳು. ನನ್ನ ಜೀವಮಾನದಲ್ಲಿ ಅವಳು ನನ್ನ ಕೈ ಹಿಡಿದು ನಡೆದದ್ದು ಅದೇ ಮೊದಲು. ಕೂಸಿಗೆ ನೀರು ಹಾಕಿದಳು. ವಾಪಸು ಮನೆಗೆ ಬಿಟ್ಟಾಗ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತು, “ನಾಳೆಯಿಂದ ನಂಗೆ ಹೇಳಿಕಳುಸ್ಬೇಡಿ,” ಎಂದಳು. ಕರೆದೊಯ್ಯಲು ಹೆಂಗಸರು ಸರದಿಯಂತೆ ಹೋದರು. ಬರಲಿಲ್ಲ. ಕೂಸನ್ನೇ ಅವಳ ಮನೆಗೆ ತರುತ್ತೇವೆ ಎಂದರು. ಹಸಿ ಕೂಸನ್ನು ಬಿಸಿಲಿಗೆ ತರುತ್ತೀರಾ ಎಂದು ಬೈದು ಕಳಿಸಿದಳು.

ಪಾಪಕ್ಕನ ಗಂಡ ಚಿಕ್ಕರಂಗಯ್ಯ ಕತ್ತಾಳೆ ನಾರಿನಲ್ಲಿ ಹಗ್ಗ ಹೊಸೆಯುವವರು. ಒಂದು ದಿನ ಗೂಟಗಳ ಹೊರೆ ಹೊತ್ತು ಬಂದು ಬಯಲಿನ ಅಂಚಿನಲ್ಲಿ ನೆಡತೊಡಗಿದರು. ಏನಿದು ಎಂದು ಕೇಳಿದೆ. “ಬಾವೀಗೆ ಹಗ್ಗ ಬುಡಲ್ವೇನಮ್ಮ, ಅಂಗೇ ಬೀದೀಗೂ ಒಂದು ಬುಟ್ಟೆ. ಹಿಡ್ಕೊಂಡು ಬರ್ಲಿ,” ಎಂದರು. ಖಾಲಾನ ಬಾಗಿಲಿನಿಂದ ಶುರುವಾದ ಹಗ್ಗ ಅವರ ಬಾಗಿಲು ಮುಟ್ಟಿ ಬಾವಿಯ ಕಟ್ಟೆಯವರೆಗೆ ಹೋಯಿತು. ಕೈಗೆ ಗುರುತು ಸಿಗಲೆಂದು ತಮ್ಮ ಮನೆಯ ಹತ್ತಿರ ಒಂದು ಗಂಟು ಹಾಕಿದರು, ಬಾವಿಯ ಹತ್ತಿರ ಎರಡು.

ಖಾಲಾ ಮೊದಲು ನಂಬಲಿಲ್ಲ. ಪಾಪಕ್ಕ ಹೊರಗಿನಿಂದ ಹಗ್ಗ ಎಳೆದು ಎಳೆದು ಅಲ್ಲಾಡಿಸಿ, “ಏ ಖಾಜಾಬಮ್ಮ, ಹಿಡ್ಕೊಂಡ್ ಬಾರಮ್ಮ, ನಿನ್ ಮೊಮ್ಮಗಳು ಎಣ್ಣೆ ಕಾಣ್ದೆ ಒಣಗಿ ಕಡ್ಡಿಯಾಗವ್ಳೆ,” ಎಂದು ಕೂಗಿದಳು. ಆ ದಿನ ಅವಳು ಬಂದಳು. ಮಾರನೆಯ ದಿನವೂ ಬಂದಳು. ಒಂದು ಬೇಸಗೆ ಪೂರ್ತಿ ನಮ್ಮ ಬೀದಿಯಲ್ಲಿ ಅವಳ ನಗು ಕೇಳಿಸಿತು. ನಮ್ಮ ಸರಾಯಿ ಹೋಯಿತು, ಹೋಗಲಿ, ಇಷ್ಟಾದರೂ ಉಳಿಯಿತಲ್ಲ ಎಂದುಕೊಂಡೆವು.

ಹೋದ ತಿಂಗಳು ತಾವು ತನಿಖೆಗೆ ಬಂದಿರಿ. ಜೀಪಿನಿಂದ ಇಳಿಯಲಿಲ್ಲ. ಹಗ್ಗ ನೋಡಿ ಜವಾನನಿಗೆ ಏನೋ ಹೇಳಿದಿರಿ, ಅವನು ಕುಡುಗೋಲು ತೆಗೆದುಕೊಂಡು ಬಂದ. ಪಾಪಕ್ಕ ಅಡ್ಡ ಹೋದಳು. “ಅಯ್ಯಾ, ಅದು ಕುರುಡಮ್ಮನ ದಾರಿ ಕಣಪ್ಪ, ಬುಟ್ಬುಡು.”

ತಾವು ಜೀಪಿನಿಂದಲೇ ಹೇಳಿದಿರಿ: “ಸರ್ಕಾರಿ ರಸ್ತೆಗೆ ಹಗ್ಗ ಕಟ್ಟೋದು ಅಪರಾಧ ಕಣಮ್ಮ. ವಾಹನ ಸಂಚಾರಕ್ಕೆ ಅಡ್ಡಿ.”

“ಯಾವ್ ವಾಹನ ಸ್ವಾಮಿ? ಇಲ್ಲೀಗಂಟ ಬಂದಿರೋದು ನಿಮ್ದೊಂದೇಯ.”

ಜವಾನ ಹಗ್ಗ ಕೊಯ್ದು ಸುತ್ತಿ ಜೀಪಿಗೆ ಹಾಕಿದ. ಗೂಟಗಳನ್ನೂ ಕೀಳಿಸಿದಿರಿ. ಖಾಲಾ ಆ ಹೊತ್ತಿನಲ್ಲಿ ಬಾವಿಯ ಕಟ್ಟೆಯ ಮೇಲೆ ಹೆಂಗಸರ ಜೊತೆ ಮಾತಾಡುತ್ತ ಕೂತಿದ್ದಳು. ಎದ್ದು ಮನೆಗೆ ಹೊರಡಲು ಕೈ ಚಾಚಿದಳು. ಹಗ್ಗ ಸಿಗಲಿಲ್ಲ. ಕೈಯನ್ನು ಹಾಗೇ ಮಡಿಲಿಗೆ ತಂದುಕೊಂಡು ಮತ್ತೆ ಕೂತಳು. ಸಂಜೆ ಕರೀಮ್ ಸಾಬರು ಬಂದು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋದರು. ಅಂದಿನಿಂದ ಅವಳು ಹೊರಗೆ ಬಂದಿಲ್ಲ.

ನಾನು ಈ ಪತ್ರ ಬರೆಯುತ್ತಿರುವುದು ನಮ್ಮ ಹೆಡ್ ಮೇಷ್ಟ್ರು ಮಲ್ಲಿಕಾರ್ಜುನಯ್ಯನವರಿಗೆ ಗೊತ್ತಾಗಿದೆ. ಕರೆದು ಕೂರಿಸಿ, “ನೀವು ಸರ್ಕಾರಿ ನೌಕರರು ಕಣಮ್ಮ, ಪಾವಗಡದ ಆಚೆ ಎಲ್ಲಾದರೂ ಎತ್ತಿ ಹಾಕ್ತಾರೆ,” ಎಂದು ತಂದೆಯ ಹಾಗೆ ಹೇಳಿದರು. ಹಾಕಲಿ. ಅಲ್ಲಿಯೂ ಹಳೆಯ ಕೇರಿಗಳಿವೆ, ತಮ್ಮ ನೋಟೀಸು ಅಲ್ಲಿಗೆ ಬರುವವರೆಗೆ ನೆರಳಿನಲ್ಲಿ ಇರುತ್ತೇನೆ. ಪತ್ರ ಬರೆಯುತ್ತೇನೆ ಎಂದು ಖಾಲಾಗೂ ಹೇಳಿದೆ. “ಬರಿ. ಆದ್ರೆ ಜೋರು ಮಾಡಿ ಬರೀಬೇಡ. ಪಾಪ, ಅವ್ರಿಗೂ ಕಾಣಾಕಿಲ್ವೇನೋ,” ಎಂದಳು. ಜೋರು ಮಾಡಬಾರದೆಂದೇ ಕೂತೆ. ಎಲ್ಲಿಯಾದರೂ ದನಿ ಏರಿದ್ದರೆ ಅದು ನನ್ನದು, ಅವಳದಲ್ಲ.

ಸರಾಯಿಯನ್ನು ವಾಪಸು ಕೊಡಿ ಎಂದು ನಾನು ಕೇಳುತ್ತಿಲ್ಲ. ಸಿಡಿಮದ್ದಿಗೆ ಹೋದದ್ದು ಅರ್ಜಿಗೆ ಬರುವುದಿಲ್ಲ. ಚದುರಿ ಹೋದವರನ್ನು ಕರೆಸಿ ಎಂದೂ ಕೇಳುವುದಿಲ್ಲ. ಆ ಕಲ್ಲುಗಳು ಯಾರ ಕಾಂಪೌಂಡಿನಲ್ಲಿ ಕೂತಿವೆ ಎಂದು ಕೇಳುವ ಧೈರ್ಯವೂ ಈಗ ನನಗಿಲ್ಲ. ನನ್ನ ಬೇಡಿಕೆ ಇಷ್ಟು: ವಾಹನವೇ ಬಾರದ ಆ ರಸ್ತೆಯ ಅಂಚಿನಲ್ಲಿ ಒಂದು ಹಗ್ಗ ಕಟ್ಟಿಕೊಳ್ಳಲು ತಮ್ಮ ರುಜುವಿನ ಅಪ್ಪಣೆ ಕೊಡಿ. ಹಗ್ಗ, ಗೂಟ ಎಲ್ಲ ನಮ್ಮವೇ. ಬಸ್ಸು ಬಂದ ದಿನ ನಾವೇ ಬಿಚ್ಚಿಕೊಡುತ್ತೇವೆ.

ಪಾಪಕ್ಕನ ಕಿರಿಯ ಮಗಳಿಗೆ ಈಗ ದಿನ ತುಂಬಿದೆ. ದಯವಿಟ್ಟು ಅಷ್ಟರೊಳಗೆ ಉತ್ತರ ಕೊಡಿ.

ಇಂತಿ,
ತಮ್ಮ ನಕ್ಷೆಯಲ್ಲಿ ಖಾಲಿ ಜಾಗವೆಂದು ತೋರಿಸಿರುವಲ್ಲಿ ಇನ್ನೂ ವಾಸವಾಗಿರುವ
ಫಕ್ರುನ್ನೀಸಾ, ಉಪಾಧ್ಯಾಯಿನಿ
ಸರಾಯಿ ಬೀದಿ (ದೀರ್ಘವಿಲ್ಲ), ಸಿರಾ
೧೯೬೪